ಎರೆನೆಲದ ಕಾಣದ ನಾಳಗಳು

2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಬಾಗಿಲು ಕೊಚ್ಚಿಹೋದಾಗ ನಾಡೆಲ್ಲ ಎಚ್ಚತ್ತಿತು. ಅದು ಯುಕ್ತವೇ. ಆದರೆ ಅದೇ ನೀರು ಕಾಲುವೆಯನ್ನು ದಾಟಿ ಹೊಲದೊಳಗೆ ಇಳಿದ ಮೇಲೆ ಸದ್ದಿಲ್ಲದೆ ಮಾಡುವ ಹಾನಿಯನ್ನು ಕೇಳುವವರು ವಿರಳ. ವಳಕಮದಿನ್ನಿ ಮೊದಲಾದ ಗ್ರಾಮಗಳುಳ್ಳ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ನೀರಾವರಿಯ ಭವಿಷ್ಯವು ಈ ಪ್ರಶ್ನೆಯ ಮೇಲೆಯೇ ನಿಂತಿರುವದು.

ಎರೆಮಣ್ಣಿನ ಜೇಡಿಯ ಕಣವು ಮಿಲಿಮೀಟರಿನ ಐನೂರನೆಯ ಒಂದಂಶಕ್ಕಿಂತಲೂ ಚಿಕ್ಕದು. ಕಣಗಳ ನಡುವಣ ಸಂದುಗಳೇ ಅಲ್ಲಿ ನೀರಿನ ಹಾದಿ. ನಾಳದ ವ್ಯಾಸವು ಅರ್ಧಕ್ಕಿಳಿದರೆ, ಅದೇ ಒತ್ತಡದಲ್ಲಿ ಹರಿಯುವ ನೀರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುವದೆಂದು 1840ರ ಸುಮಾರಿಗೆ ಫ್ರಾನ್ಸಿನ ವೈದ್ಯನಾದ ಪ್ವಾಸೈ ಪ್ರಯೋಗಗಳಿಂದ ತೋರಿಸಿದನು. ಆದುದರಿಂದಲೇ ನೆನೆದು ಉಬ್ಬಿದ ಎರೆಯಲ್ಲಿ ನೀರು ಸುಲಭವಾಗಿ ಬಸಿಯದು. ಮೇಲೇರುವ ವಿಷಯದಲ್ಲಿಯಾದರೋ ನಿಯಮವು ವಿಪರೀತ. ನಾಳವು ಕಿರಿದಾದಷ್ಟೂ ನೀರು, ಬತ್ತಿಯಲ್ಲಿ ಎಣ್ಣೆಯೇರುವಂತೆ, ಎತ್ತರಕ್ಕೆ ಏರುವದು. ಮಿಲಿಮೀಟರಿನ ನೂರನೆಯ ಒಂದಂಶ ತ್ರಿಜ್ಯವುಳ್ಳ ನಾಳದಲ್ಲಿ ಅದು ಸುಮಾರು ಒಂದೂವರೆ ಮೀಟರು ಏರಬಲ್ಲದು. ಅಂತರ್ಜಲವು ಮೇಲೆ ಬಂದ ಹೊಲದಲ್ಲಿ ಹೀಗೆ ಏರಿದ ನೀರನ್ನು ಬಿಸಿಲು ಹೀರುವದು. ಉಪ್ಪು ಮಾತ್ರ ನೆಲದಲ್ಲಿ ಉಳಿಯುವದು. ಇದೇ ಸವಳು. ಅದರಲ್ಲಿ ಸೋಡಿಯಮ್ಮಿನ ಅಂಶವು ಹೆಚ್ಚಿದರೆ ಜೇಡಿಯು ಚದರಿ, ಇದ್ದ ಸಂದುಗಳನ್ನೂ ಮುಚ್ಚಿಬಿಡುವದು.

ಎಡದಂಡೆಯ ಬಹುಭಾಗಕ್ಕೆ ಯೋಜಕರು ಗೊತ್ತುಪಡಿಸಿದ್ದು ಜೋಳ, ಹತ್ತಿ, ಶೇಂಗಾಗಳಂಥ ಅರೆನೀರಾವರಿಯ ಬೆಳೆಗಳನ್ನು. 1953ರಲ್ಲಿ ನೀರು ಹರಿದ ತರುವಾಯ ಬತ್ತವು ಕ್ರಮೇಣ ಎಲ್ಲೆ ಮೀರಿ ಹಬ್ಬಿತು. ಅದರಿಂದ ಎರಡು ಕೇಡುಗಳಾದವು: ಮೇಲ್ಭಾಗದ ಹೊಲಗಳು ಜವಳಾದವು, ತುದಿಭಾಗದ ಹೊಲಗಳು ಬಾಯಾರಿದವು.

ಇದಕ್ಕೆ ರೈತನೊಬ್ಬನನ್ನೇ ದೂರುವದು ನ್ಯಾಯವಲ್ಲ. ನಿಂತ ನೀರಿನಲ್ಲಿ ಬದುಕುವ ಬೆಳೆ ಬತ್ತವೊಂದೇ. ಮಾರುವಾಗ ಕೈಹಿಡಿಯುವದೂ ಅದೇ. ಬೆಲೆಯ ಭರವಸೆಯಿಲ್ಲದೆ ಜೋಳ ಬಿತ್ತೆಂದು ಉಪದೇಶಿಸುವದು ಸುಲಭ, ಅದರಂತೆ ನಡೆಯುವದು ಕಷ್ಟ.

ಉಪಾಯವು ತಿಳಿಯದ್ದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಭೂಮಿಯ ಸುಧಾರಣೆಯನ್ನೂ ನೆಲದೊಳಗಿನ ಬಸಿಗೊಳವೆಗಳನ್ನೂ ಬಹುಕಾಲದಿಂದ ಪರೀಕ್ಷಿಸುತ್ತ ಬಂದಿರುವರು. ಸೋಡಿಯಮ್ಮಿನ ದೋಷಕ್ಕೆ ಜಿಪ್ಸಮ್ಮು ಪರಿಹಾರ. ಆದರೆ ಬಸಿದ ನೀರಿಗೆ ಹಳ್ಳದವರೆಗೆ ದಾರಿಯಿರಬೇಕು. ಅದು ಹಲವರ ಹೊಲಗಳನ್ನು ದಾಟುವ ಕೆಲಸ; ಒಬ್ಬ ರೈತನ ಕೈಯಿಂದ ಆಗತಕ್ಕದ್ದಲ್ಲ.

ನೀರನ್ನು ತರುವ ಕಾಲುವೆಯನ್ನು ಕಟ್ಟಿಸಿದ ಸರಕಾರಕ್ಕೆ, ಹೆಚ್ಚಾದ ನೀರನ್ನು ಹೊರಗೊಯ್ಯುವ ಕಾಲುವೆಯೂ ಕರ್ತವ್ಯವೇ. ಬಸಿಗಾಲುವೆಗಳ ದುರಸ್ತಿ, ಜೋಳಕ್ಕೆ ನೆಚ್ಚತಕ್ಕ ಖರೀದಿ, ತುದಿಭಾಗಕ್ಕೆ ನ್ಯಾಯವಾದ ಪಾಲು, ಇವು ಮೂರೂ ಒಟ್ಟಿಗೆ ನಡೆಯಬೇಕು. ಮುರಿದ ಬಾಗಿಲಿಗೆ ಹೊಸ ಬಾಗಿಲನ್ನು ಕೂಡಿಸಬಹುದು. ಸತ್ತ ನೆಲವನ್ನು ಎಬ್ಬಿಸುವದಕ್ಕೆ ಒಂದು ತಲೆಮಾರು ಸಾಲದೆಹೋದೀತು.