ಅಣಬೆಗೆ ಹಾಸು ಯಾವುದು, ಪಾತ್ರೆ ಯಾವುದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ತಾಯಂದಿರು ಬರೆಯುವ ಪತ್ರಗಳಲ್ಲಿ ಈಚೆಗೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಮನೆಯಲ್ಲಿಯೇ ಅಣಬೆ ಬೆಳೆಯಬಹುದೆಂದು ಕೇಳಿದ್ದೇವೆ, ನಮ್ಮ ಕಡೆ ತೆಂಗಿನ ನಾರಿನ ಪುಡಿ ರಾಶಿರಾಶಿಯಾಗಿ ಬಿದ್ದಿದೆ, ಅದರಲ್ಲಿ ಬೆಳೆಯಬಹುದೇ? ಯಾವ ಪಾತ್ರೆ ಒಳ್ಳೆಯದು? ಇಷ್ಟಕ್ಕೂ ಲಿಂಗಪೂಜೆ ನಡೆಯುವ ಮನೆಯಲ್ಲಿ ಅಣಬೆಗೆ ಎಡೆಯುಂಟೇ?

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಏಕೆಂದರೆ ಅದರ ಉತ್ತರವೂ ಹಾಸಿನಲ್ಲಿಯೇ ಅಡಗಿದೆ. ಹಾಸು ಎಂದರೆ ಅಣಬೆಯ ಬೀಜವನ್ನು ಬಿತ್ತುವ, ಅದು ಆಹಾರವನ್ನು ಹೀರಿಕೊಂಡು ಹಬ್ಬುವ ವಸ್ತು. ಅಣಬೆಯು ಪ್ರಾಣಿಯಲ್ಲ, ಹಸಿರಿಲ್ಲದ ಕಾರಣ ಗಿಡಮರಗಳ ವರ್ಗಕ್ಕೂ ಸೇರದು. ವಿಜ್ಞಾನಿಗಳು ಅದನ್ನು ಶಿಲೀಂಧ್ರವೆಂಬ ಪ್ರತ್ಯೇಕ ವರ್ಗದಲ್ಲಿ ಇರಿಸಿದ್ದಾರೆ. ನಮ್ಮ ಹಿರಿಯರ ಹಿಂಜರಿಕೆಗೆ ಕಾರಣವಿಲ್ಲದೆ ಇಲ್ಲ. ಮಳೆಗಾಲದಲ್ಲಿ ತಿಪ್ಪೆಯ ಮೇಲೂ ಅಣಬೆ ಏಳುತ್ತದೆ. ಕಾಡಣಬೆಗಳಲ್ಲಿ ವಿಷದವೂ ಉಂಟು. ಪೇಟೆಯಲ್ಲಿ ಸಿಗುವ ಗುಂಡನೆಯ ಬಟನ್ ಅಣಬೆಯನ್ನು ಸಾಮಾನ್ಯವಾಗಿ ಹುಲ್ಲಿಗೆ ಕೋಳಿಗೊಬ್ಬರ ಮೊದಲಾದುವನ್ನು ಬೆರೆಸಿ ಕೊಳೆಸಿದ ಹಾಸಿನಲ್ಲಿ ಬೆಳೆಯುತ್ತಾರೆ. ಆದರೆ ಚಿಪ್ಪು ಅಣಬೆಗೆ ಗೊಬ್ಬರದ ಸೋಂಕೇ ಬೇಕಾಗಿಲ್ಲ. ಶುಚಿಯಾದ ಹುಲ್ಲು, ಬಿಸಿನೀರು, ಬೀಜ ಇವಿಷ್ಟೇ ಸಾಕು. ಹಾಸನ್ನು ನಾವೇ ಆರಿಸಿದಾಗ ನಮ್ಮ ಊಟಕ್ಕೆ ಬರುವುದೇನೆಂಬುದು ನಮಗೇ ತಿಳಿದಿರುತ್ತದೆ. ಇಷ್ಟು ತಿಳಿದ ಮೇಲೂ ಒಲ್ಲೆವೆನ್ನುವ ಅತ್ತೆಮಾವಂದಿರನ್ನು ಬಲವಂತಪಡಿಸಬಾರದು. ಮನಸ್ಸು ಒಪ್ಪದ ಊಟ ಮೈಗೆ ಹಿಡಿಯದು.

ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಜಕಿಯಾ ಬಾನು ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ಭತ್ತದ ಹುಲ್ಲಿನಲ್ಲಿ ಇದನ್ನು ಬೆಳೆದ ವಿವರವನ್ನು 1962ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಭತ್ತದ ಹುಲ್ಲು ಏಕೆ ಒಗ್ಗಿತು? ಅದರ ದಂಟು ಟೊಳ್ಳು. ನೀರು ಹೀರಿಕೊಂಡ ಮೇಲೂ ಒಳಗೆ ಗಾಳಿಗೆ ದಾರಿಯಿರುತ್ತದೆ. ಅಣಬೆಯ ಬಿಳಿಯ ಎಳೆಗಳು ನಮ್ಮಂತೆಯೇ ಉಸಿರಾಡುತ್ತವೆ. ತೇವವೂ ಇರಬೇಕು, ಉಸಿರಾಟಕ್ಕೂ ಎಡೆಯಿರಬೇಕು. ಹಾಸಿನ ಆಯ್ಕೆಗೂ ಪಾತ್ರೆಯ ಆಯ್ಕೆಗೂ ಇದೊಂದೇ ಸೂತ್ರ.

ಈ ಸೂತ್ರದಿಂದ ನಾರಿನ ಪುಡಿಯನ್ನು ಅಳೆದು ನೋಡಿರಿ. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ, ಮುದ್ದೆಯಾಗಿ ಕುಳಿತು, ಗಾಳಿಯ ದಾರಿಯನ್ನು ಮುಚ್ಚಿಬಿಡುತ್ತದೆ. ಮರದಂತೆ ಬಿರುಸಾದ ಲಿಗ್ನಿನ್ ಎಂಬ ಅಂಶವೂ ಅದರಲ್ಲಿ ಅಧಿಕ. ಪುಕ್ಕಟೆಯಾಗಿ ಸಿಕ್ಕಿತೆಂದು ಅದೊಂದನ್ನೇ ತುಂಬಿದರೆ ಬೀಜದ ಹಣವೂ ನೀರುಪಾಲು, ಕಲಿಯಬೇಕೆಂಬ ಉತ್ಸಾಹವೂ ನೀರುಪಾಲು. ಅಂಗಳದಲ್ಲಿ ಹೇರಳವಾಗಿರುವುದೆಲ್ಲ ಅಣಬೆಗೆ ಒಗ್ಗುತ್ತದೆಂದು ತಿಳಿಯಬಾರದು.

ಹಾಗೆಂದು ತೆಂಗಿನ ತೋಟ ನಿರುಪಯೋಗಿಯೇನೂ ಅಲ್ಲ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ತ್ಯಾಜ್ಯಗಳ ಮೇಲೆ ಚಿಪ್ಪು ಅಣಬೆಯನ್ನು ಬೆಳೆದು ನೋಡಿದ್ದಾರೆ. ಗರಿಯ ಬುಡದ ದಪ್ಪ ದಂಟು, ಕಾಯಿ ಕಿತ್ತ ಮೇಲೆ ಉಳಿಯುವ ಗೊನೆಯ ಕಡ್ಡಿ ಇವೆರಡೂ ಒಗ್ಗುತ್ತವೆಂದು ಅವರು ಕಂಡುಕೊಂಡಿದ್ದಾರೆ. ನಮ್ಮ ಸೀಮೆಗೆ ಇದು ಬಹು ಮುಖ್ಯವಾದ ಮಾತು. ರಾಗಿಹುಲ್ಲಿನಲ್ಲಿಯೂ ಅಣಬೆ ಬರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ ಆ ಹುಲ್ಲು ಕೊಟ್ಟಿಗೆಯ ದನಗಳ ಪ್ರಾಣಾಧಾರ. ಹಸುವಿನ ಬಾಯಿಂದ ಕಿತ್ತು ಅಣಬೆಗೆ ಹಾಕುವುದು ಗೃಹಸ್ಥರಿಗೆ ಒಪ್ಪುವ ಕೆಲಸವಲ್ಲ. ಆದುದರಿಂದ ಮೊದಲ ಸಲ ಎರಡು ಪಾಲು ಹುಲ್ಲಿಗೆ ಒಂದು ಪಾಲು ಒಣಗಿದ ದಂಟಿನ ಚೂರು ಬೆರೆಸಿರಿ. ಕೈ ಪಳಗಿದಂತೆ ತೆಂಗಿನ ಪಾಲನ್ನು ಹೆಚ್ಚಿಸುತ್ತ ಹೋಗಿರಿ. ಹುಲ್ಲು ಆ ವರ್ಷದ್ದಾಗಿರಲಿ. ಮಳೆಯಲ್ಲಿ ನೆನೆದು ಕಪ್ಪಾದದ್ದು, ಬೂಷ್ಟು ಹಿಡಿದದ್ದು ಬೇಡ. ಕಪ್ಪುತಲೆ ಹುಳುವಿಗಾಗಿ ಬೇರಿನ ಮೂಲಕ ಕೀಟನಾಶಕ ಉಣಿಸಿದ ಮರಗಳ ಗರಿಯನ್ನಂತೂ ಮುಟ್ಟಲೇಬಾರದು.

ಇನ್ನು ಸಿದ್ಧತೆ. ಹುಲ್ಲನ್ನೂ ದಂಟನ್ನೂ ಎರಡು ಅಂಗುಲದ ಚೂರುಗಳಾಗಿ ಕತ್ತರಿಸಿ, ಇಡೀ ರಾತ್ರಿ ಶುದ್ಧ ನೀರಿನಲ್ಲಿ ನೆನೆಯಿಡಬೇಕು. ಬೆಳಿಗ್ಗೆ ಬಸಿದು, ಬೇರೆ ನೀರಿನಲ್ಲಿ ಒಂದು ಗಂಟೆ ಕಾಲ ಕುದಿಸಬೇಕು. ಕೆಲವರು ಇದಕ್ಕೆ ರಾಸಾಯನಿಕ ಬೆರೆಸಿದ ನೀರನ್ನು ಬಳಸುವರು. ಮನೆಯ ಮಟ್ಟಿಗೆ ಬಿಸಿನೀರೇ ಲೇಸು, ಉರಿಗೆ ತೆಂಗಿನ ಸಿಪ್ಪೆ ಹೇಗೂ ಇದ್ದೇ ಇದೆ. ಬಳಿಕ ಶುಚಿಯಾದ ಬಟ್ಟೆಯ ಮೇಲೆ ಹರಡಿ ಆರಿಸಿರಿ. ಒಂದು ಹಿಡಿಯನ್ನು ಬಲವಾಗಿ ಹಿಂಡಿದಾಗ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು, ಅದೇ ಹದ. ಈ ಹದದ ಹತ್ತು ಕಿಲೋ ಹಾಸಿಗೆ 200ರಿಂದ 300 ಗ್ರಾಂ ಬೀಜ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ತರಬೇತಿಯೂ ದೊರೆಯುತ್ತವೆ.

ಪಾತ್ರೆಯ ವಿಚಾರ. ಮೊದಲ ಬೆಳೆಗೆ ಒಂದಡಿ ಅಗಲ, ಒಂದೂವರೆ ಅಡಿ ಉದ್ದದ ತೆಳು ಪ್ಲಾಸ್ಟಿಕ್ ಚೀಲವೇ ಅನುಕೂಲ. ಹಾಸು ಒಂದು ಪದರ, ಅಂಚಿನ ಸುತ್ತ ಬೀಜ ಒಂದು ಪದರ, ಹೀಗೆ ನಾಲ್ಕು ಪದರ ತುಂಬಿ ಬಾಯಿ ಕಟ್ಟಿ, ಶುಚಿಯಾದ ದಬ್ಬಳದಿಂದ ಹದಿನೈದು ಇಪ್ಪತ್ತು ರಂಧ್ರ ಮಾಡಬೇಕು. ಒಳಗೆ ಬಿಳಿಯ ಎಳೆಗಳು ಹಬ್ಬುವುದು ಹೊರಗಿನಿಂದಲೇ ಕಾಣುವುದು ಇದರ ಗುಣ. ಒಂದೇ ಬಳಕೆಗೆ ಕಸವಾಗುವುದು ಇದರ ದೋಷ. ಪದೇಪದೇ ಬೆಳೆಯುವವರಿಗೆ ಮುಚ್ಚಳವುಳ್ಳ ಪ್ಲಾಸ್ಟಿಕ್ ಬಕೆಟ್ಟು ಲೇಸು. ಅದರ ಮೈಗೆ ನಾಲ್ಕೈದು ಅಂಗುಲಕ್ಕೊಂದರಂತೆ ಪೆನ್ಸಿಲ್ ಗಾತ್ರದ ರಂಧ್ರಗಳನ್ನೂ, ನೀರು ಬಸಿಯಲು ತಳಕ್ಕೆ ಎರಡು ಮೂರು ರಂಧ್ರಗಳನ್ನೂ ಕೊರೆದರೆ, ತೊಳೆದು ತೊಳೆದು ವರ್ಷಗಟ್ಟಲೆ ಬಳಸಬಹುದು. ಬಿದಿರಿನ ಪುಟ್ಟಿ, ಮಂಕರಿಗಳು ಬೇಗ ಒಣಗುತ್ತವೆ, ಸಂದುಗಳಲ್ಲಿ ಬೂಷ್ಟು ಅಡಗುತ್ತದೆ. ಮಣ್ಣಿನ ಮಡಕೆಯು ಹಾಸಿನ ತೇವವನ್ನು ತಾನೇ ಕುಡಿಯುತ್ತದೆ. ತೆಂಗಿನ ಕರಟ ತೀರ ಚಿಕ್ಕದು. ತೀರ ದೊಡ್ಡ ಡ್ರಮ್ಮಿನ ನಡುವೆ ಹಾಸು ಕಾವೇರಿ ಎಳೆಗಳು ಸಾಯುತ್ತವೆ. ರಸಗೊಬ್ಬರದ ಚೀಲ, ಔಷಧದ ಡಬ್ಬ, ಬಣ್ಣದ ಡಬ್ಬಗಳನ್ನು ಎಷ್ಟೇ ತೊಳೆದರೂ ಬಳಸಬಾರದು.

ಇಡುವ ಜಾಗದ ಬಗ್ಗೆ ನಮ್ಮ ಸೀಮೆಯವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ. ಉಂಡೆ ಕೊಬ್ಬರಿಗಾಗಿ ಕಾಯಿ ತುಂಬಿದ ಅಟ್ಟದ ಕೆಳಗಿನ ಜಾಗ ತಂಪು, ಕತ್ತಲು. ಅಣಬೆಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಅಲ್ಲಿ ಇಡಲೇಬೇಡಿರಿ. ಅಣಬೆಗೆ ಬೇಕಾದುದು ತೇವ, ಕೊಬ್ಬರಿಗೆ ಬೇಕಾದುದು ಒಣಹವೆ. ತಿಂಗಳುಗಟ್ಟಲೆ ಕಾದ ಕೊಬ್ಬರಿಗೆ ಕೆಳಗಿನ ತೇವವೇರಿ ಬೂಷ್ಟು ಬಂದರೆ, ನಾಲ್ಕು ಕಿಲೋ ಅಣಬೆಯ ಆಸೆಗೆ ವರ್ಷದ ಉತ್ಪತ್ತಿಯನ್ನೇ ಪಣವಿಟ್ಟಂತಾಗುತ್ತದೆ. ಮಲಗುವ ಕೋಣೆಯೂ ಬೇಡ. ಬಲಿತ ಅಣಬೆಯಿಂದ ಉದುರುವ ಸಣ್ಣ ಹುಡಿ ಉಬ್ಬಸವುಳ್ಳವರಿಗೆ ಕೆಮ್ಮು ತರಿಸುತ್ತದೆ. ತೋಟದ ಮನೆಯ ಒಂದು ಮೂಲೆಯೋ ಸೋಗೆಯ ಚಪ್ಪರವೋ ಸಾಕು.

ಹದಿನೈದು ಇಪ್ಪತ್ತು ದಿನ ಕತ್ತಲಲ್ಲಿಟ್ಟ ಚೀಲ ಪೂರ್ತಿ ಬೆಳ್ಳಗಾದಾಗ ಅಲ್ಲಲ್ಲಿ ಸೀಳಿ, ಮಂದ ಬೆಳಕೂ ಗಾಳಿಯೂ ಆಡುವಂತೆ ಮಾಡಿ, ದಿನಕ್ಕೆರಡು ಬಾರಿ ನೀರನ್ನು ಹನಿಹನಿಯಾಗಿ ಚಿಮುಕಿಸಬೇಕು. ವಾರದೊಳಗೆ ಮೊದಲ ಕೊಯ್ಲು. ಅನಂತರ ವಾರ ಹತ್ತು ದಿನಗಳ ಅಂತರದಲ್ಲಿ ಇನ್ನೆರಡು. ಒಂದು ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಬಂದರೆ ತೃಪ್ತಿಪಡಬಹುದು. ಹಸಿರು, ಕಪ್ಪು ಬೂಷ್ಟು ತಗುಲಿದ ಚೀಲವನ್ನು ಮರುಕವಿಲ್ಲದೆ ಹೊರಹಾಕಿರಿ. ಅದರಲ್ಲಿ ಬಂದ ಅಣಬೆಯನ್ನು ತಿನ್ನಬೇಡಿರಿ. ಚಿಪ್ಪು ಅಣಬೆಗೆ ಮುಂಗಾರಿನಿಂದ ಮಾಘದವರೆಗೆ ಒಳ್ಳೆಯ ಕಾಲ. ಬೇಸಿಗೆಯ ಕಾವಿಗೆ ಹಾಲು ಅಣಬೆಯೆಂಬ ಬೇರೊಂದು ಜಾತಿಯುಂಟು. ಅದಕ್ಕೆ ಶುದ್ಧಿಪಡಿಸಿದ ಮಣ್ಣಿನ ಹೊದಿಕೆಯೂ ಬೇಕಾಗುವುದರಿಂದ ಕೈ ಪಳಗಿದ ಮೇಲೆ ನೋಡಬಹುದು.

ಎರಡು ಚೀಲಗಳಿಂದ ತೊಡಗಿರಿ. ಎರಡೂ ಬೆಳ್ಳಗಾದ ಮೇಲೆ ಹತ್ತರ ಯೋಚನೆ ಮಾಡಿರಿ. ಅನುಮಾನ ಬಂದರೆ ತಿಪಟೂರಿನ ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಕೊಯ್ಲು ಮುಗಿದ ಹಾಸನ್ನು ಬೀದಿಗೆ ಸುರಿಯದೆ ತೆಂಗಿನ ಪಾತಿಗೆ ಹಾಕಿರಿ. ಮರ ಕೊಟ್ಟ ದಂಟು ಮನೆಗೊಂದು ಪಲ್ಯವಿತ್ತು, ಗೊಬ್ಬರವಾಗಿ ಮರದ ಬುಡಕ್ಕೇ ಮರಳಲಿ. ಯಾವುದನ್ನೂ ವ್ಯರ್ಥಗೊಳಿಸದ ಇಂಥ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲುತ್ತದೆ.