ವ್ಯಾಗನ್ನಿಗಿರುವ ತೂಕದ ಶಿಸ್ತು ಟಿಪ್ಪರಿಗೂ ಬರಲಿ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಅದಿರು ಹೇರಿದ ಗೂಡ್ಸ್ ರೈಲು ನಿಂತಾಗ ಮೇಲ್ಸೇತುವೆ ಹತ್ತಿ ಇಣುಕಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಕೆಂಪು ಅದಿರು ವ್ಯಾಗನ್ನಿನ ತಳದಲ್ಲಿ ಗುಡ್ಡೆ ಬಿದ್ದಿರುತ್ತದೆ, ಮೇಲೆ ಅರ್ಧದಷ್ಟು ಜಾಗ ಖಾಲಿ. ಇಷ್ಟು ಉದ್ದದ ರೈಲನ್ನು ಅರೆಹೊಟ್ಟೆಯಲ್ಲಿ ಓಡಿಸುವುದೇಕೆ ಎಂದು ಕೇಳುವವರಿದ್ದಾರೆ.

ಹೊಟ್ಟೆ ಅರೆಯಾದರೂ ತೂಕ ಪೂರ್ತಿ. ರೈಲ್ವೆಯಲ್ಲಿ ಬಹುಕಾಲದಿಂದ ಓಡುತ್ತಿರುವ ‘ಬಾಕ್ಸ್‌ಎನ್’ ಮಾದರಿಯ ತೆರೆದ ವ್ಯಾಗನ್ನಿನೊಳಗೆ 56 ಘನ ಮೀಟರ್ ಜಾಗವಿದೆ. ಕಲ್ಲಿದ್ದಲು ಹಗುರ, ಅಂಚಿನವರೆಗೆ ತುಂಬಿದರೂ ನಡೆಯುತ್ತದೆ. ಕಬ್ಬಿಣದ ಅದಿರು ಹಾಗಲ್ಲ, ಒಂದು ಘನ ಮೀಟರ್ ಎರಡು ಟನ್ ದಾಟುತ್ತದೆ. ಅಂಚಿನವರೆಗೆ ಸುರಿದರೆ ನೂರು ಟನ್ನಿಗೂ ಮಿಗಿಲು. ಮೂಲ ವಿನ್ಯಾಸದಂತೆ ಆ ವ್ಯಾಗನ್ ಹೊರಬೇಕಾದ ಭಾರವಾದರೋ 58.81 ಟನ್ ಮಾತ್ರ.

ಈ ಅಂಕಿ ಹುಟ್ಟುವುದು ಅಚ್ಚಿನ ಲೆಕ್ಕದಿಂದ. ವ್ಯಾಗನ್ನಿಗೆ ನಾಲ್ಕು ಅಚ್ಚು, ಒಂದೊಂದು ಅಚ್ಚು ಹಳಿಯ ಮೇಲೆ ಹಾಕಬಹುದಾದ ಭಾರ 20.32 ಟನ್. ನಾಲ್ಕೂ ಸೇರಿ 81.28. ವ್ಯಾಗನ್ನಿನ ಸ್ವಂತ ತೂಕ 22.47 ಟನ್ ಕಳೆದರೆ ಉಳಿಯುವುದೇ ಸರಕಿನ ಪಾಲು. ಆಮೇಲೆ ಬಂದ ‘ಬಾಕ್ಸ್‌ಎನ್‌ಎಚ್‌ಎಲ್’ ಮಾದರಿ ಹಗುರ, ಸ್ವಂತ ತೂಕ 20.6 ಟನ್. ಅದಕ್ಕೆ ಅಚ್ಚೊಂದಕ್ಕೆ 22.9 ಟನ್ ಅನುಮತಿ ಇರುವುದರಿಂದ 71 ಟನ್ ಹೇರಬಹುದು. 25 ಟನ್ ಅಚ್ಚುಭಾರದ ವ್ಯಾಗನ್‌ಗಳೂ ಬಂದಿವೆ. ಅವು ಎಲ್ಲ ಹಳಿಗಳ ಮೇಲೂ ಓಡುವಂತಿಲ್ಲ. ಹಳಿಯ ದಪ್ಪ, ಸ್ಲೀಪರ್‌ಗಳ ನಡುವಿನ ಅಂತರ, ಕೆಳಗಿನ ಜಲ್ಲಿ, ಹಳೆಯ ಸೇತುವೆಗಳ ಬಲ ಇವೆಲ್ಲ ಒಪ್ಪಬೇಕು. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಅದಿರಿನ ರೈಲುಗಳ ಅಚ್ಚುಭಾರ 40 ಟನ್ನಿನ ಆಸುಪಾಸಿಗೆ ಹೋಗಿದೆ. ಅಲ್ಲಿನ ಹಳಿಗಳ ನಡುವಿನ ಅಗಲ 1,435 ಮಿ.ಮೀ., ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅಗಲ ಕಡಿಮೆಯಿದ್ದೂ ಅವರು ಹೆಚ್ಚು ಹೊರುತ್ತಾರೆ ಎಂದರೆ ಅದು ಹಳಿ ಮತ್ತು ಅದರ ತಳಪಾಯಕ್ಕೆ ಸುರಿದ ಹಣದ ಫಲ.

ರೈಲ್ವೆಯೂ ಒಮ್ಮೆ ಈ ಮಿತಿಯನ್ನು ಎಳೆದು ನೋಡಿದೆ. ಲಾಲು ಪ್ರಸಾದ್ ರೈಲ್ವೆ ಸಚಿವರಾಗಿದ್ದ ಕಾಲದಲ್ಲಿ ಅದಿರಿನ ಮಾರ್ಗಗಳಲ್ಲಿ ನಿಗದಿತ ಸಾಮರ್ಥ್ಯದ ಮೇಲೆ ಎಂಟು ಟನ್, ಅದರ ಮೇಲೆ ಎರಡು ಟನ್ ವಿನಾಯಿತಿ ಕೊಟ್ಟು ಹೇರಲು ಬಿಡಲಾಯಿತು. ವರಮಾನ ಏರಿತು; ಹಳಿ, ಗಾಲಿಗಳ ಸವೆತದ ಬಗ್ಗೆ ಆಕ್ಷೇಪಗಳೂ ಎದ್ದವು. ಸವೆದ ಹಳಿ ಬದಲಿಸುವ ಖರ್ಚು ಬಂದು ಬೀಳುವುದು ರೈಲ್ವೆಯ ತಲೆಯ ಮೇಲೇ. ಹಾಗಾಗಿಯೇ 1989ರ ರೈಲ್ವೆ ಕಾಯ್ದೆಯ 72ನೇ ಸೆಕ್ಷನ್ ವ್ಯಾಗನ್ನಿನ ಗರಿಷ್ಠ ಭಾರಕ್ಕೆ ಕಟ್ಟು ಹಾಕಿದರೆ, 73ನೇ ಸೆಕ್ಷನ್ ಮೀರಿ ಹೇರಿದವರಿಂದ ದಂಡದ ದರ ವಸೂಲಿಗೆ ದಾರಿ ಮಾಡಿದೆ. ಓಡುತ್ತಿರುವಾಗಲೇ ವ್ಯಾಗನ್ ತೂಗುವ ವೇ ಬ್ರಿಜ್‌ಗಳಿವೆ.

ಗಣಿಯಿಂದ ರೈಲಿಗೆ ಅದಿರು ತುಂಬುವ ಸೈಡಿಂಗ್‌ವರೆಗಿನ ಡಾಂಬರು ರಸ್ತೆಗೆ ಇಂಥ ಕಾವಲುಗಾರ ಯಾರು? ಅಲ್ಲಿ ಹೇರುವವರೇ ಬೇರೆ, ಗುಂಡಿ ಮುಚ್ಚುವವರೇ ಬೇರೆ. ಗುಡ್ಡದಿಂದ ಅದಿರು ಇಳಿಸಿದವರು ಹೊರಟುಹೋಗುತ್ತಾರೆ. ರಸ್ತೆ ಲೋಕೋಪಯೋಗಿ ಇಲಾಖೆಯದು, ಇಲ್ಲವೇ ಪಂಚಾಯಿತಿಯದು. ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದ ಸುತ್ತ ತೋಟದವರ ದೂರು ಹುಟ್ಟಿದ್ದು ಈ ಅದಿರು ಲಾರಿಗಳ ದೂಳಿನಿಂದಲೇ. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು ಮಿತಿಮೀರಿ ಹೇರಿದ ಲಾರಿಗಳ ವಿಷಯವನ್ನು ಬಿಡಿಸಿಟ್ಟಿದ್ದವು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿನ ಗಣಿಗಾರಿಕೆ ನಿಷೇಧವನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಗಣಿಗಾರಿಕೆ ಮತ್ತೆ ಶುರುವಾದಾಗ ಎರಡೂ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮಿತಿ ಇತ್ತು. ಅದು 70 ಲಕ್ಷಕ್ಕೇರಿ, 2022ರಲ್ಲಿ 1.5 ಕೋಟಿ ಟನ್ ಆಗಿದೆ.

1.5 ಕೋಟಿ ಟನ್ ಎಂದರೆ ಎಷ್ಟು? 58 ವ್ಯಾಗನ್ನಿನ ಒಂದು ರೇಕ್ ಸುಮಾರು 4,000 ಟನ್ ಒಯ್ಯುತ್ತದೆ. ದಿನಕ್ಕೆ ಹತ್ತು ರೇಕ್ ಸಾಕು. ಹತ್ತು ಗಾಲಿಯ ಟಿಪ್ಪರಿಗೆ 2018ರ ಪರಿಷ್ಕರಣೆಯ ನಂತರ ಕಾನೂನು ಬಿಡುವ ಒಟ್ಟು ತೂಕ 28.5 ಟನ್. ಅದರಲ್ಲಿ ಅದಿರು ಸುಮಾರು 18 ಟನ್. ಅದೇ ಸರಕಿಗೆ ದಿನಕ್ಕೆ ಎರಡು ಸಾವಿರ ಟ್ರಿಪ್‌ಗೂ ಹೆಚ್ಚು ಬೇಕು. ರೇಕ್ ತುಂಬಬೇಕಾದರೂ ಗಣಿಯಿಂದ ಸೈಡಿಂಗ್‌ಗೆ ಬಹುಪಾಲು ಅದಿರು ಬರುವುದು ಇದೇ ಟಿಪ್ಪರ್‌ಗಳಲ್ಲಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಲಿತ ಪಾಠವೊಂದಿದೆ. ಅಚ್ಚಿನ ಭಾರ ಶೇ 20ರಷ್ಟು ಹೆಚ್ಚಿದರೆ ರಸ್ತೆಗಾಗುವ ಹಾನಿ ಹತ್ತಿರಹತ್ತಿರ ದುಪ್ಪಟ್ಟು. ಟಿಪ್ಪರಿನ ಮೇಲೆ ಇನ್ನೆರಡು ಬಕೆಟ್ ಸುರಿಸಿದವರಿಗೆ ಸಿಗುವ ಉಳಿತಾಯ ಊರವರ ರಸ್ತೆಯ ಆಯಸ್ಸಿನಿಂದ ಕಿತ್ತದ್ದು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20 ಸಾವಿರ ರೂಪಾಯಿ, ಮೀರಿದ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ಕಾನೂನಿಗೆ ಹಲ್ಲಿದೆ, ಆದರೆ ಅದು ಕಚ್ಚಬೇಕಾದರೆ ಅಧಿಕಾರಿ ರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಬೇಕು. ಗಣಿಯ ಬಾಗಿಲಲ್ಲಿ ರಾಜಧನಕ್ಕಾಗಿ ಹೇಗೂ ತೂಕ ಆಗುತ್ತದೆ. ಅದೇ ಚೀಟಿಯ ಅಂಕಿಯನ್ನು ಲಾರಿಯ ನೋಂದಾಯಿತ ತೂಕದೊಂದಿಗೆ ತಾಳೆ ಹಾಕಿ, ಮೀರಿದ್ದರೆ ಪರ್ಮಿಟ್ಟೇ ಹುಟ್ಟದಂತೆ ಮಾಡುವುದು ಕಷ್ಟದ ಕೆಲಸವಲ್ಲ. ಸೈಡಿಂಗ್‌ನಲ್ಲಿ ಎರಡನೇ ಸಲ ತೂಗಿದರೆ ದಾರಿಯಲ್ಲಿ ನಡೆಯುವ ಆಟವೂ ನಿಲ್ಲುತ್ತದೆ. ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ: ಜಿಲ್ಲಾ ಖನಿಜ ನಿಧಿ ಇದೆ, ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ.

ಮಾತನಾಡಲು ಇದೇ ಸಮಯ. ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿ.ಮೀ. ಜೋಡಿಮಾರ್ಗಕ್ಕೆ ಕೇಂದ್ರ ಸಂಪುಟ 2025ರ ಜೂನ್‌ನಲ್ಲಿ 3,342 ಕೋಟಿ ರೂಪಾಯಿ ವೆಚ್ಚದಲ್ಲಿ ಒಪ್ಪಿಗೆ ಕೊಟ್ಟಿದೆ. ಚಿತ್ರದುರ್ಗದ ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಗೆ ಹೋಗುವ ಹಳಿ ಇದು. ಹೊಸದಾಗಿ ಕಟ್ಟುವ ಸೇತುವೆ, ಹಾಕುವ ಹಳಿ 25 ಟನ್ ಅಚ್ಚುಭಾರ ತಾಳುವಂತಿರಬೇಕೆಂದು ಜಿಲ್ಲೆಯ ಪ್ರತಿನಿಧಿಗಳು ಈಗಲೇ ಪಟ್ಟು ಹಿಡಿಯಬೇಕು. ಮುಂದೆ ಬಲಪಡಿಸಲು ಹೊರಟರೆ ಖರ್ಚೂ ಹೆಚ್ಚು, ಓಡುವ ರೈಲುಗಳನ್ನು ನಿಲ್ಲಿಸುವ ರಗಳೆಯೂ ಹೆಚ್ಚು.

ಇದು ಹಳಿ ಇರುವ ಕಡೆಯ ಮಾತಾಯಿತು; ಜಿಲ್ಲೆಯಲ್ಲಿ ಹಳಿಯೇ ತಲುಪದ ಊರೂ ಇದೆ. ಹೊಳಲ್ಕೆರೆಗೆ, ಹೊಸದುರ್ಗ ರೋಡ್ ನಿಲ್ದಾಣಕ್ಕೆ ಬೀರೂರು ಮಾರ್ಗದ ಆಸರೆಯಾದರೂ ಇದೆ. ಹಿರಿಯೂರಿಗೆ ಅದೂ ಇಲ್ಲ. 2011–12ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗ ಹಾದು ಹೋಗಬೇಕಿದೆ, ಇನ್ನೂ ಪೂರ್ತಿಯಾಗಿಲ್ಲ. ಅಲ್ಲಿಯವರೆಗೆ ಹಿರಿಯೂರಿನ ತೆಂಗಿನಿಂದ ಹಿಡಿದು ಸಿಮೆಂಟು, ಗೊಬ್ಬರದವರೆಗೆ ಎಲ್ಲವೂ ಲಾರಿಯ ಬೆನ್ನೇರಿಯೇ ಓಡಾಡಬೇಕು. ಹಿರಿಯೂರಿನ ನಿಲ್ದಾಣ ಪ್ರಯಾಣಿಕರ ಪ್ಲಾಟ್‌ಫಾರಂಗೆ ಮುಗಿಯಬಾರದು. ಪೂರ್ತಿ ರೇಕ್ ನಿಲ್ಲುವಷ್ಟು ಉದ್ದದ ಗೂಡ್ಸ್ ಲೈನ್, ಶೆಡ್ ಮತ್ತು ವೇ ಬ್ರಿಜ್‌ಗೆ ಬೇಕಾದ ಜಾಗವನ್ನು ನಕ್ಷೆಯಲ್ಲಿ ಈಗಲೇ ಗುರುತಿಸಬೇಕು. ಹೆದ್ದಾರಿಯ ಪಕ್ಕದ ಜಮೀನು ಒಮ್ಮೆ ಲೇಔಟ್ ಆದರೆ ಆಮೇಲೆ ಯಾವ ಬೆಲೆಗೂ ಸಿಗುವುದಿಲ್ಲ.