ಸೂತಕ ಕಳೆದವರ ಮನೆಯಲ್ಲಿ ಈ ಗುಟ್ಟೇಕೆ?



ಈ ಸಲದ ವಿಷಯ ಕೆಲವರಿಗೆ ಮುಜುಗರ ತರಬಹುದು. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಬೇಕಾಗುವ ಪ್ಯಾಡನ್ನು ಸರ್ಕಾರ ತನ್ನ ಖರ್ಚಿನಲ್ಲಿ ಕೊಡಬೇಕು, ನಿಲ್ಲಿಸದೆ ಕೊಡಬೇಕು ಎಂಬುದನ್ನು ಬರೆಯಲು ಕೂತಿದ್ದೇನೆ. ಮಠದ ಪತ್ರಿಕೆಯಲ್ಲಿ ಇದೆಲ್ಲ ಏಕೆ ಎನ್ನುವವರಿಗೆ ನಾನು ನೆನಪಿಸುವುದು ನಮ್ಮ ತತ್ತ್ವವನ್ನೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲವೆಂದು 12ನೇ ಶತಮಾನದಲ್ಲೇ ಶರಣರು ಸಾರಿದರು. ಇಷ್ಟಲಿಂಗ ಧರಿಸಿದ ಹೆಣ್ಣುಮಗಳು ಆ ದಿನಗಳಲ್ಲೂ ಲಿಂಗಪೂಜೆ ಮಾಡಬಹುದು. ಇಷ್ಟು ದೊಡ್ಡ ಮಾತನ್ನು ಅಷ್ಟು ಹಿಂದೆಯೇ ಆಡಿದವರ ವಾರಸುದಾರರು ನಾವು.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಬೇರೆ. ಹಲಗೂರು ಸೀಮೆಯಲ್ಲಿ ಇಂದಿಗೂ 'ಹೊರಗಾಗಿದ್ದಾಳೆ' ಎಂಬ ಮಾತೇ ಚಾಲ್ತಿಯಲ್ಲಿದೆ. ಚಾಪೆ ಬೇರೆ, ತಟ್ಟೆ ಬೇರೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಕೋಣೆಗೆ ಕಾಲಿಡಬಾರದು ಎನ್ನುವವರೂ ಇದ್ದಾರೆ. ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ನೆಂಟರಿಷ್ಟರಿಗೆಲ್ಲ ಹೇಳಿ, ಊಟ ಹಾಕಿಸುತ್ತಾನೆ. ಊರಿಗೆಲ್ಲ ಗೊತ್ತಾದ ಮೇಲೂ ಅದೇ ಹುಡುಗಿ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಕೇಳಲು ಗಂಡಸರೆಲ್ಲ ಹೋಗುವವರೆಗೆ ಕಾಯುತ್ತಾಳೆ, ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಹೆಣ್ಣುಮಕ್ಕಳನ್ನು ಊರಾಚೆ ಇರಿಸುವ ಸುದ್ದಿ ಬಂದಾಗ ನಾವು ಅಯ್ಯೋ ಎನ್ನುತ್ತೇವೆ. ನಮ್ಮ ಪಡಸಾಲೆಯ ಮೂಲೆ ನಮಗೆ ಕಾಣುವುದಿಲ್ಲ.

ಸರ್ಕಾರದ ವಿಚಾರಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ 2013-14ರಲ್ಲಿ 'ಶುಚಿ' ಯೋಜನೆ ಶುರುವಾಯಿತು. 10ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ಶಾಲೆ, ಹಾಸ್ಟೆಲ್‌ಗಳ ಮೂಲಕ ಉಚಿತವಾಗಿ ಪ್ಯಾಡ್ ಕೊಡುವ ಒಳ್ಳೆಯ ಯೋಜನೆ. ಕೋವಿಡ್ ಕಾಲಕ್ಕೆ ಅದು ನಿಂತುಹೋಯಿತು. ಶಾಲೆಗಳು ತೆರೆದ ಮೇಲೂ ಪ್ಯಾಕೆಟ್ ಬರಲಿಲ್ಲ, ವಿಷಯ ಹೈಕೋರ್ಟಿನವರೆಗೂ ಹೋಯಿತು. ಮತ್ತೆ ಚಾಲನೆ ಸಿಕ್ಕಿದ್ದು 2024ರಲ್ಲಿ, ಸುಮಾರು 19 ಲಕ್ಷ ಹೆಣ್ಣುಮಕ್ಕಳಿಗೆ, ಸುಮಾರು 40 ಕೋಟಿ ರೂಪಾಯಿ ವೆಚ್ಚದಲ್ಲಿ. ನಡುವೆ ಕಳೆದ ವರ್ಷಗಳನ್ನು ಒಂದು ಹುಡುಗಿಯ ಲೆಕ್ಕದಲ್ಲಿ ನೋಡಿ. ಏಳನೇ ತರಗತಿಯಲ್ಲಿ ಮೈನೆರೆದವಳು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೂ ಸರ್ಕಾರದ ಒಂದು ಪ್ಯಾಕೆಟ್ ಕಂಡಿಲ್ಲ. ಟೆಂಡರು ತಡವಾಯಿತೆಂದು ಮುಟ್ಟು ಮುಂದಕ್ಕೆ ಹೋಗುತ್ತದೆಯೇ?

'ಇದೂ ಒಂದು ಬಿಟ್ಟಿ ಭಾಗ್ಯವೇ?' ಎಂದು ನನ್ನನ್ನು ಕೇಳಿದವರಿದ್ದಾರೆ. ಆ 40 ಕೋಟಿಯನ್ನು 19 ಲಕ್ಷಕ್ಕೆ ಹಂಚಿದರೆ ಒಬ್ಬಳಿಗೆ ವರ್ಷಕ್ಕೆ ಇನ್ನೂರು ರೂಪಾಯಿ ಚಿಲ್ಲರೆ ಬರುತ್ತದೆ, ತಿಂಗಳಿಗೆ ಇಪ್ಪತ್ತೂ ಇಲ್ಲ. ಕಬ್ಬು ಕಡಿಯುವ, ಕೂಲಿಗೆ ಹೋಗುವ ತಾಯಿ ಇಬ್ಬರು ಹೆಣ್ಣುಮಕ್ಕಳಿಗೂ ತನಗೂ ಅಂಗಡಿಯ ಬೆಲೆಗೆ ಕೊಳ್ಳಬೇಕಾದರೆ ಮೊದಲು ತನ್ನದನ್ನು ಬಿಡುತ್ತಾಳೆ, ಆಮೇಲೆ ಮಕ್ಕಳದನ್ನು. ಹುಡುಗಿ ಆ ಮೂರು ದಿನ ದಳವಾಯಿ ಕೋಡಿಹಳ್ಳಿ ಕಡೆಯ ಬಸ್ಸು ಹತ್ತುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದು 'ಜ್ವರ' ಎಂದು ದಾಖಲಾಗುತ್ತದೆ. ಬಿಸಿಯೂಟವನ್ನು, ಹಾಲನ್ನು, ಪಠ್ಯಪುಸ್ತಕವನ್ನು ಬಿಟ್ಟಿ ಎಂದು ಯಾರೂ ಕರೆಯುವುದಿಲ್ಲ. ಬೊಕ್ಕಸದ ಹಣವೂ ಜನರ ಕಾಯಕದಿಂದಲೇ ಬಂದದ್ದು, ಅದು ಮಕ್ಕಳಿಗೆ ಮರಳಿದರೆ ದಾಸೋಹವೆನ್ನಲು ನನಗೆ ಸಂಕೋಚವಿಲ್ಲ. ಸ್ಯಾನಿಟರಿ ನ್ಯಾಪ್‌ಕಿನ್ ಮೇಲಿನ ಶೇ. 12ರ ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ತೆಗೆದರು. ಸ್ಕಾಟ್ಲೆಂಡ್ 2020ರಲ್ಲಿ ಕಾನೂನನ್ನೇ ಮಾಡಿತು, ಅಲ್ಲಿ ಇದು ಯಾರ ಕೃಪೆಯನ್ನೂ ಕಾಯುವುದಿಲ್ಲ. 2023ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟೂ ದೇಶಕ್ಕೆಲ್ಲ ಒಂದು ನೀತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ಪ್ಯಾಡ್ ಒಂದೇ ಸಾಲದು ಎಂಬುದೂ ನಿಜ. ನೀರಿಲ್ಲದ, ಚಿಲಕವಿಲ್ಲದ ಶೌಚಾಲಯದಲ್ಲಿ ಬದಲಾಯಿಸುವುದೆಲ್ಲಿ? ಬಳಸಿದ್ದನ್ನು ಹಾಕುವುದೆಲ್ಲಿ? ಎಷ್ಟೋ ಮಕ್ಕಳು ಬ್ಯಾಗಿನಲ್ಲೇ ಮನೆಗೆ ಒಯ್ದು ಕತ್ತಲಾದ ಮೇಲೆ ತಿಪ್ಪೆಗೋ ನಾಲೆಗೋ ಎಸೆಯುತ್ತಾರೆ. ನದಿಯಾಚೆಯ ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯಲ್ಲೂ ದಕ್ಷಿಣ ಕನ್ನಡದಲ್ಲೂ ಮುಟ್ಟಿನ ಕಪ್ ಕೊಡುವ ಪ್ರಯೋಗವನ್ನು ಸರ್ಕಾರವೇ ಮಾಡಿತು. ಒಂದು ಕಪ್ ವರ್ಷಗಟ್ಟಲೆ ಬರುತ್ತದೆ, ಕಸವೂ ಕಡಿಮೆ. ಚಿಕ್ಕ ಮಕ್ಕಳಿಗೆ ಅದು ಒಗ್ಗುತ್ತದೋ ಇಲ್ಲವೋ ಎಂಬುದನ್ನು ದಾದಿಯರು, ತಾಯಂದಿರು ಕೂತು ಮಾತಾಡಿ ತಿಳಿಯಬೇಕು. ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆಯೂ ಕೆಟ್ಟದ್ದಲ್ಲ. ಆದರೆ ಬಿಸಿಲಿಗೆ ಹಾಕಲು ನಾಚಿ ಮಂಚದ ಕೆಳಗೆ ಒಣಗಿಸುವುದರಿಂದಲೇ ಸೋಂಕು ಬರುವುದು. ಗುಟ್ಟು ರೋಗವಾಗುವುದು ಹೀಗೆ.

ಇನ್ನು ನಮ್ಮ ಮಠಗಳಿಗೆ ಒಂದು ಮಾತು. ಪೂಜ್ಯರು ಸಿಟ್ಟಾಗಬಾರದು. ಶುಚಿ ಯೋಜನೆ ಇರುವುದು ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ. ಅನುದಾನವಿಲ್ಲದ ನಮ್ಮ ಶಾಲೆ, ಉಚಿತ ಪ್ರಸಾದ ನಿಲಯಗಳ ಹೆಣ್ಣುಮಕ್ಕಳ ಗತಿಯೇನು? ಅನ್ನಕ್ಕೆ, ಅಕ್ಷರಕ್ಕೆ ಲೆಕ್ಕ ಕೇಳದೆ ಕೊಟ್ಟ ಮಠಗಳಿವು. ದಾಸೋಹದ ಖರ್ಚಿನ ಪುಸ್ತಕದಲ್ಲಿ ಅಕ್ಕಿ, ಬೇಳೆಯ ಕೆಳಗೆ ಇದಕ್ಕೂ ಒಂದು ಸಾಲು ಬರೆಯಲಿ. ಬಸವ ಜಯಂತಿಯ ವೇದಿಕೆಯಲ್ಲಿ ಪಂಚಸೂತಕದ ವಿವರಣೆ ಬಂದಾಗ ರಜಸ್ಸೂತಕವನ್ನು ಒಂದೇ ಉಸಿರಿನಲ್ಲಿ ದಾಟಿಸುವ ಪ್ರವಚನಕಾರರು ಅಲ್ಲಿ ಸ್ವಲ್ಪ ನಿಲ್ಲಲಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಓದುಗರಲ್ಲಿ ನನ್ನ ಕೋರಿಕೆ: ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ಈ ವರ್ಷ ಎಷ್ಟು ತಿಂಗಳ ಪ್ಯಾಕೆಟ್ ಬಂತು, ಎಷ್ಟು ಮಕ್ಕಳಿಗೆ ತಲುಪಿತು, ಶೌಚಾಲಯದಲ್ಲಿ ನೀರಿದೆಯೇ ಎಂದು ಕೇಳಿ. ಗಂಡಸರೇ ಕೇಳಿದರೆ ಇನ್ನೂ ಒಳ್ಳೆಯದು. ಸಿಕ್ಕ ಉತ್ತರವನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಹಲಗೂರು ಹೋಬಳಿಯಿಂದ ಶುರುಮಾಡಿ ಊರಿನ ಹೆಸರಿನೊಂದಿಗೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.